ಪ್ರೊಫೆಸರ್ ಹೆಸರಲ್ಲಿ ಕ್ಯಾಂಪಸ್ ಕೆಲಸ ಅಂತ ಮೇಲ್ ಬಂದರೆ ನಂಬಬೇಡಿ

ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಎಂಎಸ್ ಮಾಡಲು ಹೊರಟಿರುವವರು, ಈಗಾಗಲೇ ಬಂದು ಕ್ಯಾಂಪಸ್ಸಿನಲ್ಲಿ ಪಾರ್ಟ್ ಟೈಮ್ ಕೆಲಸ ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಯೂನಿವರ್ಸಿಟಿ ಮೇಲ್‌ಗೆ ಯಾರೋ ಪ್ರೊಫೆಸರ್ ಹೆಸರಲ್ಲಿ ಕೆಲಸದ ಆಫರ್ ಬರುತ್ತದೆ. ವಾರಕ್ಕೆ 350 ಡಾಲರ್, ರೂಮಿನಲ್ಲೇ ಕೂತು ಮಾಡಬಹುದು ಅಂತ ಇರುತ್ತದೆ. ಅದು ಮೋಸ. ಶುದ್ಧ ಮೋಸ. ನನ್ನಿಂದ 1,500 ಡಾಲರ್ ಕಿತ್ತುಕೊಂಡಿದ್ದಾರೆ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷಕ್ಕಿಂತ ಜಾಸ್ತಿ. ಅದು ಎಜುಕೇಶನ್ ಲೋನಿನ ದುಡ್ಡು. ಬಾಡಿಗೆಗೆ ಅಂತ ಎತ್ತಿಟ್ಟಿದ್ದು.

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ರೂಮ್‌ಮೇಟ್‌ಗಳ ಹತ್ತಿರ ಬಾಯಿ ಬಿಡೋಕೇ ಬಹಳ ದಿನ ಹಿಡಿಯಿತು. ಊರಲ್ಲಿ ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆ ಅಂದರೆ ಮೊನ್ನೆ ನಮ್ಮ ಡಿಪಾರ್ಟ್‌ಮೆಂಟಿಗೆ ಹೊಸದಾಗಿ ಸೇರಿದ ಮೈಸೂರಿನ ಹುಡುಗಿಗೂ ಇಂಥದೇ ಮೇಲ್ ಬಂದಿದೆ. ಅವಳು ಉತ್ತರ ಬರೆಯುವುದರಲ್ಲಿದ್ದಳು.

ಇಲ್ಲಿ ಕೆಲಸ ಹುಡುಕುವುದು ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಎಫ್-1 ಅಂದರೆ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ ಮಾತ್ರ. ಮೊದಲ ವರ್ಷ ಹೊರಗೆ ದುಡಿಯುವ ಮಾತೇ ಇಲ್ಲ. ಕ್ಯಾಂಪಸ್ ಕೆಲಸ ಹುಡುಕುವ ‘ಹ್ಯಾಂಡ್‌ಶೇಕ್’ ವೆಬ್‌ಸೈಟ್ ತೆರೆದು ನೋಡಿದರೆ ಎಷ್ಟೋ ಕೆಲಸಗಳ ಕೆಳಗೆ ‘ವರ್ಕ್ ಸ್ಟಡಿ’ ಅಂತ ಬರೆದಿರುತ್ತದೆ. ಅದು ಅಮೆರಿಕ ಸರ್ಕಾರದ ನೆರವಿನ ಯೋಜನೆ, ನಮ್ಮಂಥ ವೀಸಾದವರಿಗೆ ಸಿಗೋದಿಲ್ಲ. ಉಳಿದದ್ದು ಡೈನಿಂಗ್ ಹಾಲ್, ಲೈಬ್ರರಿ ಡೆಸ್ಕ್, ಜಿಮ್ಮಿನ ಬಾಗಿಲಲ್ಲಿ ಐಡಿ ಕಾರ್ಡ್ ನೋಡುವ ಕೆಲಸ, ಅದೃಷ್ಟ ಇದ್ದರೆ ಗ್ರೇಡರ್, ಅಂದರೆ ಪ್ರೊಫೆಸರ್ ಪರವಾಗಿ ಉತ್ತರ ತಿದ್ದುವ ಕೆಲಸ. ಅವಕ್ಕೂ ನೂಕುನುಗ್ಗಲು. ಅರ್ಜಿ ಹಾಕಿದರೆ ‘ಸಾರಿ’ ಅಂತ ಉತ್ತರ ಬರುವುದೂ ಅಪರೂಪ. ಊರಿಂದ ದುಡ್ಡು ತರಿಸಬಾರದು, ಕೈಖರ್ಚಾದರೂ ನಾವೇ ದುಡಿಯೋಣ ಅಂತ ಬಂದವರು ನಾವು. ಇದು ಗೊತ್ತಿದ್ದೇ ಅವರು ಬಲೆ ಹಾಕೋದು. ಸೆಮಿಸ್ಟರ್ ಶುರುವಾದ ಹೊಸತರಲ್ಲೇ ಈ ಮೇಲ್ ಬರುತ್ತದೆ.

ಮೇಲ್ ಬಂದಿದ್ದು ಯೂನಿವರ್ಸಿಟಿ ಅಡ್ರೆಸ್‌ನಿಂದಲೇ. ಇದನ್ನು ಗಮನಿಸಿ. ಜಿಮೇಲ್ ಅಲ್ಲ, ಹೆಸರು ಕೇಳದ ಯಾವುದೋ ಅಡ್ರೆಸ್ ಅಲ್ಲ. ಕೊನೆಯಲ್ಲಿ ‘ಡಾಟ್ ಇಡಿಯು’ ಇತ್ತು, ನಮ್ಮ ಯೂನಿವರ್ಸಿಟಿಯದೇ. ಯಾರೋ ಸ್ಟೂಡೆಂಟ್ ಅಕೌಂಟ್ ಹ್ಯಾಕ್ ಮಾಡಿ ಅದರಿಂದ ಎಲ್ಲರಿಗೂ ಕಳಿಸಿದ್ದರಂತೆ. ಯೂನಿವರ್ಸಿಟಿಯ ಕಂಪ್ಯೂಟರ್, ಮೇಲ್ ನೋಡಿಕೊಳ್ಳುವ ಐಟಿಯವರು ಆಮೇಲೆ ಹೇಳಿದ್ದು. ಒಳಗಿದ್ದ ಹೆಸರು ನಮ್ಮ ಕ್ಯಾಂಪಸ್ಸಿನಲ್ಲಿ ನಿಜವಾಗಿ ಪಾಠ ಮಾಡುವ ಪ್ರೊಫೆಸರ್ ಹೆಸರು. ವೆಬ್‌ಸೈಟಿನಲ್ಲಿ ಹುಡುಕಿ ನೋಡಿದೆ. ಫೋಟೋ ಇತ್ತು, ಆಫೀಸ್ ರೂಮ್ ನಂಬರ್ ಇತ್ತು, ಬರೆದ ಪೇಪರುಗಳ ಪಟ್ಟಿ ಇತ್ತು. ಇನ್ನೇನು ನೋಡಬೇಕಿತ್ತು ಹೇಳಿ?

‘ರಿಸರ್ಚ್ ಅಸಿಸ್ಟೆಂಟ್ ಬೇಕು, ಯಾವ ಡಿಪಾರ್ಟ್‌ಮೆಂಟ್ ಆದರೂ ಸರಿ, ಅನುಭವ ಬೇಡ, ವಾರಕ್ಕೆ ಏಳೆಂಟು ಗಂಟೆ ಕೊಟ್ಟರೆ ಸಾಕು, 350 ಡಾಲರ್’ ಅಂತಿತ್ತು. ಆಸಕ್ತಿ ಇದ್ದವರು ಒಂದು ನಂಬರಿಗೆ ಮೆಸೇಜ್ ಮಾಡಬೇಕು. ಮಾಡಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ಹೆಸರು, ವಿಳಾಸ, ಯಾವ ವರ್ಷ, ಪರ್ಸನಲ್ ಮೇಲ್ ಎಲ್ಲ ಕೇಳಿದ. ಅದರ ಜೊತೆಗೇ ‘ನಿನ್ನ ಬ್ಯಾಂಕ್ ಯಾವುದು? ಮೊಬೈಲ್‌ನಲ್ಲಿ ಒಂದು ದಿನಕ್ಕೆ ಎಷ್ಟರವರೆಗೆ ಚೆಕ್ ಹಾಕಬಹುದು?’ ಅಂತಲೂ ಕೇಳಿದ. ಸಂಬಳ ಹಾಕೋಕೆ ಇರಬೇಕು ಅಂದುಕೊಂಡು ಹೇಳಿಬಿಟ್ಟೆ. ಈ ಪ್ರಶ್ನೆಯನ್ನು ಯಾವ ನಿಜವಾದ ಪ್ರೊಫೆಸರೂ ಕೇಳೋದಿಲ್ಲ. ಯಾವತ್ತೂ ಕೇಳೋದಿಲ್ಲ. ಅವನಿಗೆ ಬೇಕಾಗಿದ್ದುದು ಅದೊಂದೇ ಉತ್ತರ.

‘ಆಫೀಸಿಗೆ ಬಂದು ಭೇಟಿ ಮಾಡಲಾ?’ ಅಂತ ನಾನೇ ಕೇಳಿದ್ದೆ. ‘ಕಾನ್ಫರೆನ್ಸಿಗೆ ಹೊರದೇಶಕ್ಕೆ ಬಂದಿದ್ದೇನೆ, ತಿಂಗಳ ಕೊನೆಗೆ ಬಂದಾಗ ಸಿಗೋಣ, ಅಲ್ಲಿಯವರೆಗೆ ಸಣ್ಣಪುಟ್ಟ ಕೆಲಸ ನೋಡಿಕೋ’ ಅಂದ. ಮೊದಲ ಕೆಲಸ ಏನಪ್ಪಾ ಅಂದರೆ ಅನಾಥಾಶ್ರಮದ ಮಕ್ಕಳಿಗೆ ಪುಸ್ತಕ, ಬ್ಯಾಗು ಕೊಡಿಸುವುದು. ಅದಕ್ಕೆ ಚೆಕ್ ಕಳಿಸುತ್ತೇನೆ, ನಿನ್ನ ಮೊದಲ ವಾರದ ಸಂಬಳವೂ ಅದರಲ್ಲೇ ಇದೆ ಅಂದ.

ಚೆಕ್ ಮೇಲ್‌ನಲ್ಲಿ ಪಿಡಿಎಫ್ ಆಗಿ ಬಂತು. 1,850 ಡಾಲರ್. ಅದರಲ್ಲಿ 350 ನನ್ನ ಸಂಬಳ, 1,500 ಮಕ್ಕಳ ಸಾಮಾನು ಕೊಡುವ ವ್ಯಾಪಾರಿಗೆ. ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿದೆ. ತಿಳಿ ನೀಲಿ ಬಣ್ಣ, ಸಣ್ಣ ಸಣ್ಣ ಗೆರೆಗಳ ಡಿಸೈನ್, ಮೇಲೆ ಬೇರೆ ರಾಜ್ಯದ ಯಾವುದೋ ಕಂಪನಿ ಹೆಸರು, ಕೆಳಗೆ ಬ್ಯಾಂಕಿನ ನಂಬರು, ಓದಲಾಗದ ಒಂದು ಸಹಿ. ಎಲ್ಲ ಇತ್ತು. ‘ಯೂನಿವರ್ಸಿಟಿ ಹೆಸರು ಯಾಕಿಲ್ಲ?’ ಅಂತ ಕೇಳಿದ್ದಕ್ಕೆ ‘ಇದು ನನ್ನ ಸ್ಪಾನ್ಸರ್ ಕಂಪನಿ’ ಅಂದ. ಹಿಂದೆ ಸಹಿ ಹಾಕಿ, ‘ಫಾರ್ ಮೊಬೈಲ್ ಡೆಪಾಸಿಟ್ ಓನ್ಲಿ’ ಅಂತ ಬರೆದು, ಎರಡೂ ಕಡೆ ಫೋಟೋ ತೆಗೆದು ಬ್ಯಾಂಕ್ ಆ್ಯಪ್‌ಗೆ ಹಾಕು ಅಂತ ಒಂದೊಂದೇ ಹೇಳಿಕೊಟ್ಟ. ಅದೆಷ್ಟು ತಾಳ್ಮೆಯಿಂದ!

ಈಗ ಹೇಳುವುದನ್ನು ಸರಿಯಾಗಿ ಕೇಳಿ. ನನಗೆ ಮೋಸ ಆಗಿದ್ದು ಇಲ್ಲೇ. ನಿಮಗೂ ಇಲ್ಲೇ ಆಗೋದು.

ಎರಡೇ ದಿನಕ್ಕೆ ನನ್ನ ಅಕೌಂಟಿನಲ್ಲಿ 2,950 ಡಾಲರ್ ತೋರಿಸಿತು. ಮೊದಲು 1,100 ಇತ್ತು. ‘ಅವೈಲಬಲ್ ಬ್ಯಾಲೆನ್ಸ್’ ಅಂತ ದೊಡ್ಡದಾಗಿ ಬರೆದಿತ್ತು. ನಮ್ಮೂರಲ್ಲಿ ಚೆಕ್ ಹಾಕಿದರೆ ಕಲೆಕ್ಷನ್ ಆಗಬೇಕು, ಪಾಸಾಗಬೇಕು, ಆಮೇಲೆ ದುಡ್ಡು ತೆಗೆಯೋಕೆ ಬರುತ್ತದೆ. ರಾಣೆಬೆನ್ನೂರಿನಲ್ಲಿ ನಮ್ಮಪ್ಪನ ಗೊಬ್ಬರದ ಅಂಗಡಿ ಇದೆ. ಚೆಕ್ಕುಗಳನ್ನು ನೋಡುತ್ತಲೇ ಬೆಳೆದಿದ್ದೇನೆ. ದುಡ್ಡು ಖಾತೆಗೆ ಬಂತು ಅಂದರೆ ಮುಗಿಯಿತು, ಆ ದುಡ್ಡು ನಮ್ಮದು. ಅಮೆರಿಕದಲ್ಲಿ ಹಾಗಲ್ಲ. ಚೆಕ್ ನಿಜವೋ ಸುಳ್ಳೋ ಗೊತ್ತಾಗುವ ಮೊದಲೇ ಬ್ಯಾಂಕ್ ದುಡ್ಡನ್ನು ಖರ್ಚಿಗೆ ಬಿಡುತ್ತದೆ. ಗ್ರಾಹಕರು ಕಾಯಬಾರದು ಅಂತ ಇಲ್ಲಿ ಹಾಗೆ ನಿಯಮ ಇದೆ. ಚೆಕ್ ಸುಳ್ಳು ಅಂತ ಗೊತ್ತಾಗೋಕೆ ದಿನಗಳೂ ಆಗಬಹುದು, ವಾರಗಳೂ ಆಗಬಹುದು. ಗೊತ್ತಾದ ಮೇಲೆ ಆ ದುಡ್ಡನ್ನು ವಾಪಸ್ ಎಳೆದುಕೊಳ್ಳುತ್ತಾರೆ. ಯಾರಿಂದ? ಚೆಕ್ ಹಾಕಿದವರಿಂದ. ನಮ್ಮಲ್ಲಿ ಚೆಕ್ ಬೌನ್ಸ್ ಆದರೆ ಬರೆದುಕೊಟ್ಟವನ ಮೇಲೆ 138ರ ಕೇಸು. ಇಲ್ಲಿ ಬರೆದುಕೊಟ್ಟವನು ಯಾರು ಅಂತಲೇ ಗೊತ್ತಿಲ್ಲ, ಎಲ್ಲ ಬಂದಿದ್ದು ನನ್ನ ತಲೆಗೆ.

ಓರಿಯೆಂಟೇಶನ್‌ನಲ್ಲಿ ಬಸ್ ಪಾಸ್ ಬಗ್ಗೆ ಹೇಳಿದರು, ಇನ್ಶೂರೆನ್ಸ್ ಬಗ್ಗೆ ಹೇಳಿದರು, ಚಳಿಗೆ ಯಾವ ಜಾಕೆಟ್ ಹಾಕಬೇಕು ಅಂತಲೂ ಹೇಳಿದರು. ಈ ಒಂದು ಮಾತನ್ನು ಯಾರೂ ಹೇಳಲಿಲ್ಲ.

ದುಡ್ಡು ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದೆ. ‘ಗ್ರೇಟ್ ಜಾಬ್’ ಅಂದ. ವ್ಯಾಪಾರಿಗೆ ಜೆಲ್‌ನಲ್ಲಿ 800 ಕಳಿಸು, ಆಮೇಲೆ 700 ಕಳಿಸು ಅಂದ. ಜೆಲ್ ಅಂದರೆ ನಮ್ಮ ಯುಪಿಐ ಥರ, ಕಳಿಸಿದ ತಕ್ಷಣ ಹೋಗಿಬಿಡುತ್ತದೆ. ಮೊದಲನೆಯದು ಕಳಿಸಿದೆ. ಎರಡನೆಯದಕ್ಕೆ ಸಂಜೆ ಲ್ಯಾಬ್ ಇತ್ತು, ಸ್ವಲ್ಪ ತಡವಾಯಿತು. ಅಷ್ಟಕ್ಕೇ ಮೆಸೇಜ್ ಮೇಲೆ ಮೆಸೇಜ್. ‘ಎಲ್ಲಿದ್ದೀಯ?’ ‘ಮಕ್ಕಳು ಕಾಯುತ್ತಿದ್ದಾರೆ.’ ‘ಜವಾಬ್ದಾರಿ ಇರುವವರು ಬೇಕಿತ್ತು ನನಗೆ.’ ಲ್ಯಾಬಿನ ಹೊರಗೆ ನಿಂತು ಕಳಿಸಿದೆ. ‘ಗಾಡ್ ಬ್ಲೆಸ್ ಯೂ’ ಅಂತ ಬಂತು. ನನ್ನ ಬಾಡಿಗೆ ದುಡ್ಡು ತಿಂದು ನನಗೇ ದೇವರು ಒಳ್ಳೆಯದು ಮಾಡಲಿ ಅಂತ ಹರಸಿದ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಮರುದಿನ ಇನ್ನೊಂದು ಕೆಲಸ. ಅಂಗಡಿಗೆ ಹೋಗಿ 500 ಡಾಲರ್‌ಗೆ ಗಿಫ್ಟ್ ಕಾರ್ಡ್ ತಗೊಂಡು, ಹಿಂದಿನ ಬೆಳ್ಳಿ ಪಟ್ಟಿ ಕೆರೆದು, ನಂಬರಿನ ಫೋಟೋ ಕಳಿಸು ಅಂದ. ಅಲ್ಲಿ ಅನುಮಾನ ಬಂತು. ಅನಾಥ ಮಕ್ಕಳಿಗೆ ಗಿಫ್ಟ್ ಕಾರ್ಡ್ ಯಾಕೆ? ‘ನೀವು ಬಂದ ಮೇಲೆ ಮಾಡೋಣ ಸರ್’ ಅಂದೆ. ‘ನನ್ನ ದುಡ್ಡು ಇಟ್ಟುಕೊಂಡು ನನಗೇ ಎದುರು ಮಾತಾ?’ ಅಂದ. ನನ್ನ ದುಡ್ಡು ಅಂತೆ! ಅವನ ಹತ್ತಿರ ಒಂದು ಪೈಸೆ ಇತ್ತಾ ಇದರಲ್ಲಿ?

ಮುಂದಿನ ವಾರ ಬೆಳಗ್ಗೆ ಬ್ಯಾಂಕ್ ಆ್ಯಪ್ ತೆರೆದರೆ ಮೈನಸ್ 412. ಕೆಂಪು ಅಕ್ಷರದಲ್ಲಿ. 1,850 ವಾಪಸ್ ತಗೊಂಡಿದ್ದರು, ಮೇಲೆ 12 ಡಾಲರ್ ದಂಡ. ಮೈನಸ್ ಅನ್ನುವುದೇ ಮೊದಲು ತಲೆಗೆ ಹೋಗಲಿಲ್ಲ. ಆ್ಯಪ್ ಮುಚ್ಚಿ ಮತ್ತೆ ತೆರೆದೆ. ಮತ್ತೆ ಅದೇ. ಕೈ ನಡುಗಿತು. ಅವನಿಗೆ ಮೆಸೇಜ್ ಮಾಡಿದೆ, ‘ಸರ್, ಚೆಕ್ ವಾಪಸ್ ಬಂದಿದೆ.’ ಏನಂದ ಗೊತ್ತಾ? ‘ಅದು ನಿನ್ನ ಬ್ಯಾಂಕಿನ ತೊಂದರೆ. ಇನ್ನೊಂದು ಚೆಕ್ ಕಳಿಸುತ್ತೇನೆ, ಅದನ್ನು ಹಾಕು.’ ‘ನಾನು ಪೊಲೀಸರ ಹತ್ತಿರ ಹೋಗುತ್ತೇನೆ’ ಅಂದೆ. ಆಗ ಬಂದ ಉತ್ತರ ಇದು: ‘ಹೋಗು. ಸುಳ್ಳು ಚೆಕ್ ಹಾಕಿದ್ದು ನೀನು. ನಿನ್ನ ಹೆಸರು, ವಿಳಾಸ ನನ್ನ ಹತ್ತಿರ ಇದೆ. ಇಮಿಗ್ರೇಶನ್‌ಗೆ ಬರೆಯುತ್ತೇನೆ, ನಿನ್ನ ವೀಸಾ ಹೋಗುತ್ತದೆ.’

ದುಡ್ಡು ಹೋಗಿದ್ದಕ್ಕಿಂತ ಈ ಮಾತಿಗೆ ಹೆದರಿದೆ. ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ಡಿಪೋರ್ಟ್ ಮಾಡಿಬಿಟ್ಟರೆ ಮನೆಗೆ ಏನು ಮುಖ ತೋರಿಸಲಿ ಅನ್ನುವುದೇ ಯೋಚನೆ. ಕೊನೆಗೆ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಯೂನಿವರ್ಸಿಟಿಯ ಇಂಟರ್‌ನ್ಯಾಶನಲ್ ಆಫೀಸಿಗೆ ಹೋದೆ. ಅಲ್ಲಿದ್ದ ಅಡ್ವೈಸರ್ ಎಲ್ಲ ಕೇಳಿಸಿಕೊಂಡು, ಇದು ಇಂಥವರು ಎಲ್ಲರಿಗೂ ಹಾಕುವ ಬೆದರಿಕೆ, ನೀನು ಮೋಸ ಮಾಡಿದವನಲ್ಲ, ಮೋಸ ಹೋದವನು ಅಂತ ಹೇಳಿ ಕ್ಯಾಂಪಸ್ ಪೊಲೀಸರ ಹತ್ತಿರ ತಾವೇ ಕರೆದುಕೊಂಡು ಹೋದರು. ಅವರ ಉಪಕಾರ ಮರೆಯೋದಿಲ್ಲ. ಹಾಗೆ ಬೆದರಿಸಿದರೆ ದಯವಿಟ್ಟು ಸುಮ್ನೆ ಒಬ್ಬರೇ ಕೂತು ಕೊರಗಬೇಡಿ. ನಮ್ಮ ವೀಸಾ ಅವನ ಕೈಯಲ್ಲಿಲ್ಲ.

ನಿಜವಾದ ಪ್ರೊಫೆಸರನ್ನೂ ಹೋಗಿ ನೋಡಿದೆ. ಅವರು ಯಾವ ಕಾನ್ಫರೆನ್ಸಿಗೂ ಹೋಗಿರಲಿಲ್ಲ, ವಾರಪೂರ್ತಿ ಅದೇ ಆಫೀಸಿನಲ್ಲಿ ಕೂತಿದ್ದರು. ನನ್ನ ರೂಮಿಂದ ಐದು ನಿಮಿಷದ ದಾರಿ. ‘ಇದಕ್ಕಾಗಿ ನನ್ನ ಬಾಗಿಲು ತಟ್ಟಿದವರಲ್ಲಿ ನೀನೇ ಮೊದಲಲ್ಲ’ ಅಂದರು. ಹಾಗಾದರೆ ಮೊದಲು ಬಂದವರ ವಿಷಯ ನಮಗ್ಯಾಕೆ ಯಾರೂ ಹೇಳಲಿಲ್ಲ? ಐಟಿಯವರನ್ನು ಕೇಳಿದರೆ ‘ಎಚ್ಚರಿಕೆ ಮೇಲ್ ಕಳಿಸಿದ್ದೆವಲ್ಲ’ ಅಂದರು. ಕಳಿಸಿದ್ದರು, ಯಾವುದೋ ವಾರದ ಸುದ್ದಿಪತ್ರದ ಕೊನೆಯಲ್ಲಿ.

ಬ್ಯಾಂಕಿನವರ ಮಾತು ಇನ್ನೂ ಚೆಂದ. ‘ಜೆಲ್ ಮಾಡಿದ್ದು ನೀವೇ ಅಲ್ವಾ? ನಿಮ್ಮ ಫೋನಿಂದ, ನಿಮ್ಮ ಪಾಸ್‌ವರ್ಡ್‌ನಿಂದ? ಹಾಗಾದರೆ ಅದು ನೀವು ಒಪ್ಪಿ ಕಳಿಸಿದ್ದು, ವಾಪಸ್ ಬರೋದಿಲ್ಲ.’ ‘ನೀವೇ ದುಡ್ಡು ಇದೆ ಅಂತ ತೋರಿಸಿದಿರಲ್ಲ’ ಅಂದರೆ ‘ಅವೈಲಬಲ್ ಅಂತ ತೋರಿಸಿದೆವು, ಕ್ಲಿಯರ್ ಆಯಿತು ಅಂತ ಹೇಳಲಿಲ್ಲ.’ ನಗುತ್ತಲೇ ಹೇಳಿದರು. ಆಮೇಲೆ ಅಕೌಂಟ್ ಮುಚ್ಚುತ್ತೇವೆ ಅಂತ ಪತ್ರ ಬೇರೆ ಬಂತು. ಮೈನಸ್ ತುಂಬೋಕೆ ಹಾಸನದ ಸೀನಿಯರ್ ಒಬ್ಬರು ಸಾಲ ಕೊಟ್ಟರು.

‘ದುಡ್ಡಿನ ಆಸೆಗೆ ಬಿದ್ದೆ’ ಅಂತ ಕೆಲವರು ಹೇಳಿದ್ದಾರೆ. ದುಡಿದು ಸಂಪಾದಿಸೋಣ ಅಂತ ಕೆಲಸ ಕೇಳೋದು ಆಸೆಬುರುಕತನ ಹೇಗಾಗುತ್ತದೆ? ತಪ್ಪು ಮೋಸ ಮಾಡಿದವನದು. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಕ್ಯಾಂಪಸ್ಸಿನಲ್ಲಿ ನಿಜವಾದ ಕೆಲಸ ಸಿಕ್ಕರೆ ಹೀಗೆ ನಡೆಯುತ್ತದೆ. ಇಂಟರ್‌ವ್ಯೂ ಮಾಡುತ್ತಾರೆ, ಎದುರಿಗೇ ಆಗಲಿ, ವಿಡಿಯೋದಲ್ಲೇ ಆಗಲಿ. ಆಫರ್ ಲೆಟರ್ ಕೊಡುತ್ತಾರೆ. ಅದನ್ನು ಇಂಟರ್‌ನ್ಯಾಶನಲ್ ಆಫೀಸಿಗೆ ತೋರಿಸಿ, ಅವರ ಪತ್ರ ಹಿಡಿದು ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಅರ್ಜಿ ಹಾಕುತ್ತೀರಿ. ಇಲ್ಲಿ ಕೆಲಸ ಮಾಡುವ ಅರ್ಹತೆ ಇದೆಯಾ ಅಂತ ನೋಡುವ ಐ-9 ಫಾರ್ಮ್ ತುಂಬಿಸುತ್ತಾರೆ, ಪಾಸ್‌ಪೋರ್ಟ್ ಕಣ್ಣಾರೆ ನೋಡುತ್ತಾರೆ. ದುಡಿದ ಮೇಲೆ ಸಂಬಳ. ದುಡಿಯುವ ಮೊದಲೇ ಚೆಕ್ ಕೊಟ್ಟು, ಅದರಲ್ಲಿ ಒಂದಿಷ್ಟು ಬೇರೆಯವರಿಗೆ ಕಳಿಸು ಅಂದರೆ ಅಲ್ಲೇ ನಿಲ್ಲಿಸಿ. ಬೇರೆ ಏನೂ ನೆನಪಿರದಿದ್ದರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಈಗಾಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ಆ ಕ್ಷಣವೇ ಬ್ಯಾಂಕಿಗೆ ಫೋನ್ ಮಾಡಿ. ಗಿಫ್ಟ್ ಕಾರ್ಡ್ ಆದರೆ ಕಾರ್ಡ್ ಕಂಪನಿಗೂ ಮಾಡಿ, ರಸೀದಿ ಬಿಸಾಕಬೇಡಿ. ಕ್ಯಾಂಪಸ್ ಪೊಲೀಸರಿಗೆ ದೂರು ಕೊಡಿ. ಗ್ರಾಹಕರ ದೂರು ನೋಡುವ ಅಮೆರಿಕ ಸರ್ಕಾರದ ಎಫ್‌ಟಿಸಿ ವೆಬ್‌ಸೈಟಿನಲ್ಲೂ, ಆನ್‌ಲೈನ್ ಮೋಸದ ದೂರು ತಗೊಳ್ಳುವ ಎಫ್‌ಬಿಐನ ಐಸಿ3 ವೆಬ್‌ಸೈಟಿನಲ್ಲೂ ದೂರು ದಾಖಲಿಸಬಹುದು. ನಾನು ಎರಡೂ ಕಡೆ ಮಾಡಿದ್ದೇನೆ. ದುಡ್ಡು ಬಂದಿಲ್ಲ.

ಮೈಸೂರಿನ ಹುಡುಗಿಗೆ ಬಂದ ಮೇಲ್ ನೋಡಿದೆ. ಪ್ರೊಫೆಸರ್ ಬೇರೆ, ವಾರಕ್ಕೆ 400 ಡಾಲರ್ ಅಂತಿದೆ, ಮೆಸೇಜ್ ಮಾಡಬೇಕಾದ ನಂಬರೂ ಬೇರೆ. ಉಳಿದ ಸಾಲುಗಳು ನನಗೆ ಬಂದಿದ್ದೇ, ಒಂದಕ್ಷರ ಬದಲಾಗಿಲ್ಲ. ಅವಳು ಅದನ್ನು ಐಟಿಗೆ ಕಳಿಸಿದ್ದಾಳೆ. ನಿಮಗೂ ಬಂದಿದ್ದರೆ ಡಿಲೀಟ್ ಮಾಡಿ ಸುಮ್ಮನಾಗಬೇಡಿ, ನಿಮ್ಮ ಯೂನಿವರ್ಸಿಟಿಯ ಐಟಿಗೆ ಕಳಿಸಿ, ನಿಮ್ಮ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿ. ಇವತ್ತೇ ಹಾಕಿ.