ಟಿಪಿಯು ಅಂತ ಪಿಯು ಕೊಟ್ಟರು: ಪ್ಯಾಕ್‌ರಾಫ್ಟ್ ಬಟ್ಟೆ ತರಿಸುವವರು ಕತ್ತರಿ ಹಾಕುವ ಮೊದಲು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡ್ತೀನಿ. ಮನೆಯಲ್ಲೇ ಪ್ಯಾಕ್‌ರಾಫ್ಟ್ (ಗಾಳಿ ತುಂಬಿಸುವ, ಮಡಚಿ ಬೆನ್ನಿಗೆ ಹೊರುವ ಪುಟ್ಟ ದೋಣಿ) ಮಾಡೋಣ ಅಂತ "ಹೀಟ್ ಸೀಲ್ ಆಗುವ 210 ಡೆನಿಯರ್ ಟಿಪಿಯು ನೈಲಾನ್" (ಡೆನಿಯರ್ ಅಂದರೆ ನೂಲಿನ ದಪ್ಪದ ಅಳತೆ, ಟಿಪಿಯು ಅಂದರೆ ಕಾಯಿಸಿದರೆ ಕರಗಿ ಬೆಸೆಯುವ ಪ್ಲಾಸ್ಟಿಕ್ ಲೇಪನ) ಆನ್‌ಲೈನ್‌ನಲ್ಲಿ ತರಿಸ್ತಾ ಇದ್ದರೆ, ರೋಲ್ ಬಂದ ದಿನ ಕತ್ತರಿ ಮುಟ್ಟಬೇಡಿ. ಸ್ಯಾಂಪಲ್ ಪಾಸಾಗಿತ್ತಲ್ಲ ಅನ್ನೋ ಧೈರ್ಯದಲ್ಲಂತೂ ಮುಟ್ಟಲೇಬೇಡಿ. ನಾನು ಮುಟ್ಟಿದೆ. 9,980 ರೂಪಾಯಿ ನೀರಿಗೆ ಹೋಯ್ತು, ದೋಣಿ ಮಾತ್ರ ನೀರಿಗಿಳಿಯಲಿಲ್ಲ. ದುಡ್ಡು ಹೋದದ್ದಕ್ಕಿಂತ, ಇಷ್ಟೆಲ್ಲ ಗೊತ್ತಿದ್ದೂ ಟೋಪಿ ಹಾಕಿಸಿಕೊಂಡೆನಲ್ಲ ಅನ್ನೋದೇ ಹೆಚ್ಚು ಉರೀತಿದೆ.

ಲೆಕ್ಕ ಹೀಗಿತ್ತು. ದೋಣಿಯ ಸುತ್ತ ಗಾಳಿ ತುಂಬುವ ಟ್ಯೂಬಿನ ವ್ಯಾಸ 28 ಸೆಂ.ಮೀ., ಅಂದರೆ ಸುತ್ತಳತೆ 88 ಸೆಂ.ಮೀ. ಟ್ಯೂಬಿನ ನಡುಗೆರೆಯ ಉದ್ದ ನಾಲ್ಕೂವರೆ ಮೀಟರ್. ಬರೀ ಟ್ಯೂಬಿಗೇ 4 ಚದರ ಮೀಟರ್ ಬೇಕು. ಮೂತಿ ಮತ್ತು ಹಿಂಭಾಗದ ತುಂಡುಗಳು ಬಾಗಿರೋದ್ರಿಂದ ಚೂರುಪಾರು ಜಾಸ್ತಿ, ಜೊತೆಗೆ ಜಾಯಿಂಟಿನ ಪಟ್ಟಿಗಳು, ಸೀಟು. ಒಂದೂವರೆ ಮೀಟರ್ ಪನ್ನದ ಬಟ್ಟೆ 5 ಮೀಟರ್, ಮೀಟರಿಗೆ 1,150. ತಳಕ್ಕೆ 420 ಡೆನಿಯರ್‌ದು 2 ಮೀಟರ್, ಮೀಟರಿಗೆ 1,600. ಗಾಳಿ ತುಂಬುವ ಬೋಸ್ಟನ್ ವಾಲ್ವ್ 650, ಕೊರಿಯರ್ 380. ಎಲ್ಲ ಮುಂಗಡ, ಯುಪಿಐನಲ್ಲಿ.

ಅದಕ್ಕೂ ಮೊದಲು ಸ್ಯಾಂಪಲ್ ಕೇಳಿದ್ದೆ. ಎ4 ಹಾಳೆಯಷ್ಟು ಕಿತ್ತಳೆ ಬಣ್ಣದ ತುಂಡು ಬಂತು. ಎರಡೂವರೆ ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಲೇಪನದ ಮುಖಕ್ಕೆ ಲೇಪನದ ಮುಖ ಇಟ್ಟು, 210 ಡಿಗ್ರಿಯಲ್ಲಿ ಹತ್ತು ಸೆಕೆಂಡ್ ಸೀಲಿಂಗ್ ಐರನ್ ಒತ್ತಿ, ರೋಲರ್ ಆಡಿಸಿ, ಪೂರ್ತಿ ತಣ್ಣಗಾದ ಮೇಲೆ ಎಳೆದೆ. ಜಾಯಿಂಟ್ ಬಿಡಲಿಲ್ಲ, ಲೇಪನವೇ ನೇಯ್ಗೆಯಿಂದ ಕಿತ್ತು ಬಂತು. ಆಗಬೇಕಾದದ್ದು ಅದೇ. ಎರಡು ಪದರ ಕರಗಿ ಒಂದಾಗಿವೆ ಅಂತ ಅರ್ಥ. ಖುಷಿಯಿಂದ ಆರ್ಡರ್ ಹಾಕಿದೆ.

ರೋಲ್ ಬಂತು. ಅದೇ ಕಿತ್ತಳೆ, ಅದೇ ಹೊಳಪು. ಸ್ವಲ್ಪ ಮೆತ್ತಗಿದೆ ಅನ್ನಿಸಿತ್ತು, ನಿಜ. ಹೊಸದಾಗಿ ಸುತ್ತಿದ್ದು, ಅದಕ್ಕೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟ್ಯೂಬಿನ ಹನ್ನೆರಡೂ ತುಂಡು ಒಂದೇ ಏಟಿಗೆ ಕತ್ತರಿಸಿದೆ. ಆಮೇಲೆ ಮೊದಲ ಜಾಯಿಂಟ್: ಎರಡು ಅಂಚು ತಾಗಿಸಿಟ್ಟು, ಒಳಮೈಗೆ 4 ಸೆಂ.ಮೀ. ಪಟ್ಟಿ ಇಟ್ಟು ಒತ್ತಿದೆ. ತಣ್ಣಗಾದ ಮೇಲೆ ಎಳೆದರೆ ಅಂಚೆಚೀಟಿ ಎದ್ದ ಹಾಗೆ ಎದ್ದು ಬಂತು! ಎರಡೂ ಕಡೆ ಹೊಳಪು ಹಾಗೇ ಇದೆ, ಏನೂ ಕರಗಿಲ್ಲ. ಐರನ್ ಕಾದಿಲ್ಲ ಅಂದುಕೊಂಡು 230ಕ್ಕೆ ಏರಿಸಿದೆ. ಲೇಪನ ಆಗಲೂ ಕರಗಲಿಲ್ಲ, ಬಟ್ಟೆಯೇ ಸುರುಟಿಕೊಂಡಿತು. ನೈಲಾನ್ 66 ಆಗಿದ್ದರೆ 260ರ ಹತ್ತಿರ ಕರಗಬೇಕು. 220ರ ಆಸುಪಾಸಿಗೆ ಕೈಕೊಡೋದು ಅಗ್ಗದ ನೈಲಾನ್ 6.

ಆಗ ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತಂದು, 10 ಸೆಂ.ಮೀ.ಗೆ 10 ಸೆಂ.ಮೀ. ಚೌಕ ತೂಗಿದೆ. ಗ್ರಾಂ ಲೆಕ್ಕವನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ), ಅಷ್ಟೇ. ಸ್ಯಾಂಪಲ್‌ನ ಚೌಕ 2.8 ಗ್ರಾಂ. ರೋಲ್‌ನ ಚೌಕ 1.4 ಗ್ರಾಂ. ಅರ್ಧ! ಸರಿಯಾಗಿ ಅರ್ಧ. ತಕ್ಕಡಿ ಮುಂದೆ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಕತ್ತರಿಸಿದ ಹನ್ನೆರಡು ತುಂಡು ಪಕ್ಕದಲ್ಲೇ ಬಿದ್ದಿತ್ತು.

ಬಂದದ್ದು ಪಿಯು ಕೋಟಿಂಗ್ ಬಟ್ಟೆ. ಬ್ಯಾಗು, ಟೆಂಟು, ರೇನ್‌ಕೋಟು ಹೊಲಿಯೋದು. ಸಗಟು ಅಂಗಡಿಯಲ್ಲಿ ಇದರ ಕಾಲುಭಾಗ ಬೆಲೆಗೂ ಕಡಿಮೆಗೆ ಸಿಗುತ್ತೆ. ಪಿಯು ಅನ್ನೋದು ಬಣ್ಣ ಬಳಿದ ಹಾಗೆ ತೆಳ್ಳಗೆ ಬಳಿದ ಲೇಪನ, ಒಮ್ಮೆ ಗಟ್ಟಿಯಾದ ಮೇಲೆ ಕಾಯಿಸಿದರೂ ಬೆಸೆಯುವಷ್ಟು ಕರಗೋದಿಲ್ಲ. ಟಿಪಿಯು ದಪ್ಪನೆಯ ಪದರ. ಕಾಯಿಸಿದರೆ ಕರಗುತ್ತೆ, ಆರಿದರೆ ಮತ್ತೆ ಗಟ್ಟಿ. ಆ ಒಂದು ಗುಣ ಇರೋದ್ರಿಂದಲೇ ಮನೆಯಲ್ಲಿ ಇಸ್ತ್ರಿ ಹಿಡಿದು ದೋಣಿ ಮಾಡೋಕೆ ಸಾಧ್ಯ. ಅದಿಲ್ಲ ಅಂದರೆ ಏನೂ ಇಲ್ಲ.

ಈಗ ಮಾರಿದವರ ಉತ್ತರಗಳು. ಒಂದೊಂದೂ ಮುತ್ತು.

ಮೊದಲನೇದು: "ನಿಮ್ ಐರನ್ ಸರಿ ಇಲ್ಲ ಸಾರ್, ಬೇರೆ ಕಸ್ಟಮರ್ಸ್ ಎಲ್ಲ ಮಾಡ್ತಿದ್ದಾರೆ." ಅದೇ ಐರನ್‌ನಲ್ಲಿ ಸ್ಯಾಂಪಲ್ ಬೆಸೆದ ವಿಡಿಯೊ ಕಳಿಸಿದೆ. ಎರಡು ದಿನ ಉತ್ತರವಿಲ್ಲ.

ಎರಡನೇದು: "ಟಿಪಿಯುನಲ್ಲೂ ಪಿಯು ಇದೆಯಲ್ಲ ಸಾರ್. ಎರಡೂ ಒಂದೇ ಫ್ಯಾಮಿಲಿ." ಇದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬಿಲ್ ತೆಗೆದು ನೋಡಿದೆ. "ಕೋಟೆಡ್ ನೈಲಾನ್ ಫ್ಯಾಬ್ರಿಕ್", ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕು ಗುರುತಿಸುವ ಸಂಖ್ಯೆ) 590320. ಪಾಲಿಯುರೇಥೇನ್ ಲೇಪನದ ಬಟ್ಟೆಗೆಲ್ಲ ಇದೇ ಸಂಖ್ಯೆ. ಟಿಪಿಯು ಅನ್ನೋ ಮೂರಕ್ಷರ ಬಿಲ್‌ನಲ್ಲಿ ಎಲ್ಲೂ ಇಲ್ಲ. ನಾನು ನೋಡೇ ಇರಲಿಲ್ಲ. ನೋಡಬೇಕಿತ್ತು.

ಮೂರನೇದು ಎಲ್ಲಕ್ಕಿಂತ ಜಾಣತನದ್ದು: "3000 ಎಂಎಂ ವಾಟರ್‌ಪ್ರೂಫ್ ಸಾರ್ ಇದು. ನೀರೇ ಹೋಗಲ್ಲ ಅಂದಮೇಲೆ ಗಾಳಿ ಹೆಂಗೆ ಹೋಗುತ್ತೆ?" ಕೇಳಿದರೆ ಹೌದಲ್ಲ ಅನ್ನಿಸುತ್ತೆ. 3000 ಎಂಎಂ ಅಂದರೆ ಮೂರು ಮೀಟರ್ ನೀರಿನ ಒತ್ತಡ, ನಾಲ್ಕು ಪಿಎಸ್‌ಐಗಿಂತ (ಟಯರಿಗೆ ಗಾಳಿ ತುಂಬುವಾಗ ಹೇಳುವ ಒತ್ತಡದ ಅಳತೆ) ಜಾಸ್ತಿ. ರಾಫ್ಟಿಗೆ ತುಂಬೋದು ಒಂದರಿಂದ ಎರಡು ಪಿಎಸ್‌ಐ. ಆದರೆ ಸೂಜಿಮೊನೆಗಿಂತ ಚಿಕ್ಕ ರಂಧ್ರದಲ್ಲಿ ನೀರನ್ನು ಅದರ ಮೇಲ್ಮೈ ಸೆಳೆತವೇ ತಡೆದು ಹಿಡಿಯುತ್ತೆ. ಗಾಳಿಗೆ ಆ ತಡೆ ಇಲ್ಲ, ರಾತ್ರಿಯಿಡೀ ಜಿನುಗುತ್ತೆ. ಬಟ್ಟೆಯ ತುಂಡನ್ನು ಸೈಕಲ್ ಪಂಪಿನ ಬಾಯಿಗೆ ಬಿಗಿಯಾಗಿ ಕಟ್ಟಿ, ಸೋಪಿನ ನೀರು ಸವರಿ ಒತ್ತಿದೆ. ಸಣ್ಣಸಣ್ಣ ಗುಳ್ಳೆ ಎದ್ದವು. ಆ ವಿಡಿಯೊನೂ ಕಳಿಸಿದೆ.

ನಾಲ್ಕನೇದು: "ಸೊಲ್ಯೂಷನ್ ಹಾಕಿ ಅಂಟಿಸಿ ಸಾರ್, ಎಲ್ಲ ಹಂಗೇ ಮಾಡೋದು." ದಯವಿಟ್ಟು ಈ ಮಾತು ಕೇಳಬೇಡಿ. ಚಪ್ಪಲಿಗೆ ಹಚ್ಚುವ ಅಂಟು ಬಿಸಿಲಲ್ಲಿ ಮೆತ್ತಗಾಗುತ್ತೆ, ಎಳೆತ ಬಿದ್ದೇ ಇದ್ದರೆ ಜಾಯಿಂಟ್ ನಿಧಾನಕ್ಕೆ ಜರುಗುತ್ತೆ. ಅಂಟು ಹಿಡಿದರೂ ಕೆಳಗಿನ ತೆಳು ಪಿಯು ಲೇಪನವೇ ಬಟ್ಟೆಯಿಂದ ಎದ್ದು ಬರುತ್ತೆ. ಪ್ಯಾಕ್‌ರಾಫ್ಟಿನ ಮುಖ್ಯ ಟ್ಯೂಬು ಸಾಮಾನ್ಯವಾಗಿ ಒಂದೇ ಕೋಣೆ. ಒಂದು ಜಾಯಿಂಟ್ ಬಿಚ್ಚಿಕೊಂಡರೆ ಇಡೀ ದೋಣಿ ಖಾಲಿ. ಶರಾವತಿ ಹಿನ್ನೀರಿನ ನಡುವೆ ಹಾಗಾದರೆ ಅಂತ ಯೋಚಿಸಿ. ಹರಿಗೋಲಿಗೆ ಬಿದಿರ ಹೆಣಿಗೆ ಇದೆ, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿದರೂ ಆಕಾರ ನಿಲ್ಲುತ್ತೆ. ನಮ್ಮದಕ್ಕೆ ಗಾಳಿ ಬಿಟ್ಟರೆ ಬೇರೆ ಎಲುಬಿಲ್ಲ.

ಐದನೇದು, ಕೊನೇದು: "ಕಟ್ ಮಾಡಿದ ಬಟ್ಟೆ ವಾಪಸ್ ತಗೊಳಲ್ಲ." ಆಮೇಲೆ ನೀಲಿ ಟಿಕ್ ಮಾತ್ರ.

ವಾಲ್ವಿನ ಕಥೆ ಚಿಕ್ಕದು. ಅದೂ ಟಿಪಿಯು ಅಂದಿದ್ದರು, ಬಂದದ್ದು ಪಿವಿಸಿ ಅಂಚಿನದು. ಇಸ್ತ್ರಿಯ ಬಿಸಿಯಲ್ಲಿ ಅದನ್ನು ಟಿಪಿಯು ಬಟ್ಟೆಗೆ ನಂಬಿ ಬೆಸೆಯೋಕಾಗಲ್ಲ. ಪತ್ತೆ ಮಾಡೋದು ಸುಲಭ. ತಾಮ್ರದ ತಂತಿ ಕೆಂಪಗೆ ಕಾಯಿಸಿ ಅಂಚಿನ ಮೂಲೆಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಹೊಗೆ ಕೆಟ್ಟದ್ದು, ಹೊರಗಡೆ ಮಾಡಿ.

ಈಗ ನೀವು ಏನು ಮಾಡಬೇಕು. ಸ್ಯಾಂಪಲ್ ಬಂದರೆ ಅರ್ಧ ಪರೀಕ್ಷೆಗೆ, ಅರ್ಧ ಎತ್ತಿಡಿ. ರೋಲ್ ಬಂದಾಗ ಎರಡನ್ನೂ ತೂಗಿ. ರೋಲಿನ ಅಂಚಿಂದ ಒಂದು ಪಟ್ಟಿ ಮಾತ್ರ ತೆಗೆದು ಬೆಸೆದು ನೋಡಿ, ಹಾಗೇ ಒಳಗಿನ ತುದಿಯಿಂದಲೂ ಒಂದು. ಎಳೆದಾಗ ಲೇಪನ ಕಿತ್ತು ಬರಬೇಕು, ಜಾಯಿಂಟ್ ಬಿಡಬಾರದು.

ಆಮೇಲೆ ಬಕೆಟ್ ಪರೀಕ್ಷೆ. 28 ಸೆಂ.ಮೀ. ಟ್ಯೂಬಿಗೆ ಒಂದು ಪಿಎಸ್‌ಐ ತುಂಬಿದರೆ ಬಟ್ಟೆಯ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಹತ್ತಿರಹತ್ತಿರ ಒಂದು ಕೆಜಿ ಎಳೆತ. ಎರಡೂವರೆ ಸೆಂ.ಮೀ. ಪಟ್ಟಿಗೆ ಎರಡೂವರೆ ಕೆಜಿ. ಅಷ್ಟೇನಾ ಅನ್ನಬೇಡಿ. ತುಂಬಿದ ರಾಫ್ಟನ್ನು ದಡದಲ್ಲಿ ಬಿಸಿಲಿಗೆ ಬಿಟ್ಟು ಒಳಗಿನ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದರೆ ಒತ್ತಡಕ್ಕೆ ಇನ್ನೂ ಒಂದೂವರೆ ಪಿಎಸ್‌ಐ ಸೇರುತ್ತೆ. ಆಗ ಅದೇ ಪಟ್ಟಿಗೆ ಆರು ಕೆಜಿ ದಾಟುತ್ತೆ. ಹಾಗಾಗಿ ಬೆಸೆದ ಪಟ್ಟಿಗೆ ಹತ್ತು ಲೀಟರ್ ನೀರಿನ ಬಕೆಟ್ ನೇತುಹಾಕಿ, ಒಂದು ಹಗಲು ಒಂದು ರಾತ್ರಿ, ಸಾಧ್ಯವಾದರೆ ಬಿಸಿಲು ಬೀಳೋ ಕಡೆ. ಎಳೆತ ಜಾಯಿಂಟಿನ ಉದ್ದಕ್ಕೆ ಸಮವಾಗಿ ಬೀಳಲಿ. ಸಿಪ್ಪೆ ಸುಲಿದ ಹಾಗೆ ಎಳೆದರೆ ಒಳ್ಳೆಯ ಜಾಯಿಂಟೂ ಬೇಗ ಸೋಲುತ್ತೆ. ಟ್ಯೂಬಿನ ಅಂಚುಗಳನ್ನು ಕಿವಿಯಂತೆ ಎತ್ತಿ ಬೆಸೆಯದೆ ಒಳಗೆ ಪಟ್ಟಿ ಹಾಕೋದು ಇದಕ್ಕೇ.

ಒಂದು ಮಾತು ಮಾರಿದವರ ಪರವಾಗಿಯೂ ಹೇಳಬೇಕು, ಸುಳ್ಳು ದೂರು ಹೋಗಬಾರದು. ಮಳೆಗಾಲದಲ್ಲಿ ನೈಲಾನೂ ಟಿಪಿಯೂ ತೇವ ಹೀರಿಕೊಂಡಿರುತ್ತವೆ. ಬೆಸೆಯುವಾಗ ಆ ನೀರು ಆವಿಯಾಗಿ ಜಾಯಿಂಟಿನಲ್ಲಿ ಗುಳ್ಳೆ ಬರುತ್ತೆ, ಅಸಲಿ ಬಟ್ಟೆಯಲ್ಲೂ ಬರುತ್ತೆ. ಒಣಗಿಸಿ ಮತ್ತೊಮ್ಮೆ ನೋಡಿ. ಹಾಗೇ ತಣ್ಣೀರಿಗೆ ಇಳಿಸಿದ ಕೂಡಲೇ ಟ್ಯೂಬು ಮೆತ್ತಗಾದರೆ ಅದು ಸೋರಿಕೆಯಲ್ಲ, ಒಳಗಿನ ಗಾಳಿ ತಣ್ಣಗಾದದ್ದು. ಮತ್ತೆ ತುಂಬಿ, ಆಮೇಲೆ ಲೆಕ್ಕ ಹಾಕಿ.

ಬಿಲ್‌ನಲ್ಲಿ "ಟಿಪಿಯು ಲೇಪನ, ಹೀಟ್ ಸೀಲಬಲ್, 210 ಡೆನಿಯರ್, ಇಷ್ಟು ಜಿಎಸ್‌ಎಂ" ಅಂತ ಬರೆಸಿಕೊಳ್ಳದೆ ಒಂದು ರೂಪಾಯಿಯೂ ಹಾಕಬೇಡಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ, ತೂಕದ ಸಮೇತ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೀನಿ. ಸ್ಯಾಂಪಲ್‌ನ ಉಳಿದ ತುಂಡು, ರೋಲ್‌ನ ತುಂಡು, ಚಾಟ್, ಎಲ್ಲ ಇದೆ. ಬಿಲ್‌ನಲ್ಲಿ ಆ ಮೂರಕ್ಷರ ಇಲ್ಲದ್ದೇ ಈಗಲೂ ಕಾಡ್ತಿದೆ.

ನಿನ್ನೆ ಅವರ ಪುಟ ತೆಗೆದು ನೋಡಿದೆ. ಅದೇ ಫೋಟೊ, ಅದೇ ಕಿತ್ತಳೆ ಬಣ್ಣ. ಹೆಸರಿನಲ್ಲಿ ಈಗ "ಟಿಪಿಯು/ಪಿಯು" ಅಂತ ಒಂದು ಗೆರೆ ಎಳೆದಿದ್ದಾರೆ. ಬೆಲೆ ಮಾತ್ರ ಹಾಗೇ ಇದೆ, ಮೀಟರಿಗೆ 1,150.