ಕಾರಂಜಿ ಕೆರೆಯನ್ನು ಝೂನ ಬಾಲ ಮಾಡಬೇಡಿ

ಮೈಸೂರಿಗೆ ಬರುವವರಲ್ಲಿ ಬಹಳ ಜನ ಒಂದೇ ದಿನದಲ್ಲಿ ಅರಮನೆ, ಝೂ, ಚಾಮುಂಡಿ ಬೆಟ್ಟ ಎಲ್ಲ ಮುಗಿಸಿ ಸಂಜೆ ಬೃಂದಾವನಕ್ಕೆ ಓಡುತ್ತಾರೆ. ಕಾರಂಜಿ ಕೆರೆ ಅವರ ಪಟ್ಟಿಯಲ್ಲೇ ಇರುವುದಿಲ್ಲ. ಇದ್ದರೂ ಝೂ ಸುತ್ತಿ ಕಾಲು ಸೋತ ಮೇಲೆ, ಪಕ್ಕದಲ್ಲೇ ಇದೆಯಲ್ಲಾ ಅಂತ ಹತ್ತು ನಿಮಿಷ ಇಣುಕಿ ಹೋಗುತ್ತಾರೆ. ನನಗಂತೂ ಇದು ತುಂಬಾ ಬೇಸರದ ವಿಷಯ. ಈ ಊರಲ್ಲಿ ಯಾರಾದರೂ ನನ್ನನ್ನು ಒಂದೇ ಒಂದು ಜಾಗ ಹೇಳಿ ಅಂದರೆ ನಾನು ಹೇಳುವುದು ಇದನ್ನೇ.

ಬೆಳಿಗ್ಗೆ 8:30ಕ್ಕೆ ಗೇಟ್ ತೆಗೆಯುತ್ತಾರೆ, ಆಗಲೇ ಹೋಗಿ. ಒಳಗೆ ಕಾಲಿಟ್ಟ ತಕ್ಷಣ ಊರಿನ ಸದ್ದು ಹಿಂದೆ ಬೀಳುತ್ತದೆ. ಮರಗಳ ಕೆಳಗೆ ದಾರಿ, ಒಂದು ಕಡೆ ನೀರು, ನೀರಿನ ಆಚೆ ಚಾಮುಂಡಿ ಬೆಟ್ಟ. ಕೆರೆಯ ನಡುವಿನ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಎಲ್ಲ ಕೂತಿರುತ್ತವೆ, ಗೂಡು ಕಟ್ಟುವ ಕಾಲದಲ್ಲಿ ಹೋದರೆ ಅವುಗಳ ಗಲಾಟೆ ನೋಡುತ್ತಾ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಬೈನಾಕ್ಯುಲರ್ ಇದ್ದರೆ ಮರೆಯದೆ ತನ್ನಿ. ಇಲ್ಲದಿದ್ದರೆ ದೋಣಿ ಹತ್ತಿ. ಪೆಡಲ್ ದೋಣಿಯೂ ಇದೆ, ಹುಟ್ಟು ಹಾಕುವ ದೋಣಿಯೂ ಇದೆ. ದಡದಿಂದ ಬಿಳಿ ಚುಕ್ಕೆಯಂತೆ ಕಾಣುವ ಹಕ್ಕಿಯ ಕೊಕ್ಕಿನ ಬಣ್ಣ ನೀರಿನ ಮಧ್ಯದಿಂದ ಸರಿಯಾಗಿ ಕಾಣುತ್ತದೆ.

ಇಲ್ಲಿಯ ಪಕ್ಷಿಧಾಮದಂಥ ದೊಡ್ಡ ಪಂಜರವನ್ನು ಬಿಡಲೇಬೇಡಿ. ಪಂಜರ ಅಂದರೆ ನಾವು ಹೊರಗೆ, ಹಕ್ಕಿ ಒಳಗೆ ಅಲ್ಲ. ನಾವೇ ಒಳಗೆ ನಡೆದು ಹೋಗುವುದು. ನವಿಲು ದಾರಿಗೆ ಅಡ್ಡ ಬರುತ್ತದೆ, ಮಂಗಟ್ಟೆ ತಲೆ ಮೇಲೆ ರೆಕ್ಕೆ ಬಡಿಯುತ್ತಾ ಹಾರಿದಾಗ ಆ ಸದ್ದಿಗೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಅಂಥ ಜಾಗದಲ್ಲೂ ಶಿಳ್ಳೆ ಹಾಕುವವರು, ಚಿಪ್ಸ್ ಎಸೆಯುವವರು ಇದ್ದಾರೆ ನೋಡಿ, ಅವರನ್ನು ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಚಿಟ್ಟೆ ಪಾರ್ಕ್ ಕೂಡ ಇದೆ. ಬೇಸಿಗೆಯಲ್ಲಿ ಅದಕ್ಕೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಮಳೆ ಮುಗಿದ ಮೇಲಿನ ಬಿಸಿಲಲ್ಲಿ ಬನ್ನಿ.

ಝೂ ಬೇಡ ಅಂತ ನಾನು ಹೇಳುತ್ತಿಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದದ್ದು, ಆ ದೊಡ್ಡ ಮರಗಳ ನೆರಳಲ್ಲಿ ನಡೆಯುವುದೇ ಒಂದು ಸುಖ. ಒಳಗೆ ಹೋದ ಕೂಡಲೇ ಜಿರಾಫೆ ಕತ್ತು ಚಾಚಿ ನೋಡುತ್ತವೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಮುಂದೆ ಯಾವಾಗಲೂ ಜನ. ಆದರೆ ಝೂ ಪೂರ್ತಿ ನೋಡುವ ಹೊತ್ತಿಗೆ ಕಾಲು ಬೇಡ ಅನ್ನುತ್ತದೆ, ಆಮೇಲೆ ಕೆರೆಗೆ ಬಂದರೆ ಬೆಂಚು ಹುಡುಕುವುದೇ ಕೆಲಸವಾಗುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಒಂದೇ ದಿನ ಇದ್ದರೆ ಬೆಳಿಗ್ಗೆ ಕೆರೆ, ಆಮೇಲೆ ಝೂ.

ಇನ್ನೊಂದು ಬೆಳಗು ಸಿಕ್ಕರೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಕುವೆಂಪು ಅವರು ನಡೆದಾಡಿದ ದಂಡೆ. ಅಲ್ಲಿ ದೋಣಿ, ಪಂಜರ ಏನೂ ಹುಡುಕಬೇಡಿ. ಊರಿನವರ ಜೊತೆ ಸುಮ್ನೆ ಒಂದು ಸುತ್ತು ನಡೆಯಿರಿ, ಮೈಸೂರಿನ ಜನ ಎಷ್ಟು ನಿಧಾನ, ಎಷ್ಟು ಮಾತು ಅಂತ ಗೊತ್ತಾಗುತ್ತದೆ. ನನಗೆ ಆ ನಿಧಾನವೇ ಇಷ್ಟ.

ಅರಮನೆಯ ದೀಪ ನೋಡಬೇಕಾದರೆ ಭಾನುವಾರ ಅಥವಾ ಸರ್ಕಾರಿ ರಜೆಯ ಸಂಜೆ 7 ಗಂಟೆಗೆ ಅಲ್ಲಿರಿ. ಸುಮಾರು ಒಂದು ಲಕ್ಷ ಬಲ್ಬ್ ಒಟ್ಟಿಗೆ ಹತ್ತಿಕೊಂಡಾಗ ಇಡೀ ಗುಂಪು ಹೋ ಅನ್ನುತ್ತದೆ, ಎಷ್ಟು ಸಲ ನೋಡಿದರೂ ಆ ಕ್ಷಣಕ್ಕೆ ನಾನೂ ಅನ್ನುತ್ತೇನೆ.

ಕಾರಂಜಿ ಕೆರೆಗೆ ನನ್ನ ಕಡೆಯಿಂದ ಐದಕ್ಕೆ ಐದು. ಭಾನುವಾರ ಮತ್ತು ದಸರಾ ರಜೆಯಲ್ಲಿ ಜನಜಂಗುಳಿ, ಆದಷ್ಟು ವಾರದ ದಿನ ಬನ್ನಿ. ಮಂಗಳವಾರ ಮಾತ್ರ ಬೇಡ, ಝೂಗೂ ಕೆರೆಗೂ ಅವತ್ತೇ ವಾರದ ರಜೆ. ನೀರಿನ ಬಾಟಲಿ, ಟೋಪಿ, ನಡೆಯಲು ಒಳ್ಳೆಯ ಚಪ್ಪಲಿ ಇದ್ದರೆ ಸಾಕು.