ಸಾಸೇಜಿಗೆಂದು ಕೊಂಡ 12 ನಂಬರಿನ ಖೀಮಾ ಮಷಿನ್: ನಾಲ್ಕು ವರ್ಷ ಬಳಸಿದ ಮೇಲೆ

ಮೊದಲು ಬಳಕೆಯ ಲೆಕ್ಕ. ಬೆಳಗಾವಿಯ ಮನೆ, ತಿಂಗಳಿಗೆ ಎರಡು ಸಲ, ಸಲಕ್ಕೆ ಮೂರರಿಂದ ನಾಲ್ಕು ಕಿಲೋ. ಹೆಚ್ಚಾಗಿ ಕುರಿ ಮಾಂಸ, ನಂತರ ಕೋಳಿ, ಡಿಸೆಂಬರ್ ಬಂದರೆ ಹಂದಿ. ನಾಲ್ಕು ವರ್ಷದಲ್ಲಿ 300 ಕಿಲೋ ದಾಟಿದೆ. ಮಷಿನ್ 12 ನಂಬರಿನದು: ಮಾಂಸ ಅರೆಯುವ ಅಲ್ಯೂಮಿನಿಯಂ ತಲೆ, ಸ್ಟೇನ್‌ಲೆಸ್ ಬ್ಲೇಡ್, 3, 5 ಮತ್ತು 8 ಮಿ.ಮೀ. ತೂತಿನ ಮೂರು ಜಾಲಿ, ಹಿಂದಕ್ಕೆ ತಿರುಗಿಸುವ ಬಟನ್. ಮೋಟಾರು ಮತ್ತು ಗೇರು ಇಂದಿಗೂ ಮೊದಲಿನವೇ. ಮೋಟಾರನ್ನು ಮಾಂಸ ತಳ್ಳುವ ತಿರುಪಿಗೆ ಜೋಡಿಸುವ ಪ್ಲಾಸ್ಟಿಕ್ ಕಪ್ಲಿಂಗ್ ಎರಡು ಸಲ, ಬ್ಲೇಡ್ ಒಂದು ಸಲ ಬದಲಾಗಿವೆ. ಇನ್ನೊಮ್ಮೆ ಕೊಳ್ಳಬೇಕಾಗಿ ಬಂದರೂ ಇದೇ ಅಳತೆಯದನ್ನೇ ಕೊಳ್ಳುತ್ತೇವೆ. ಆದರೆ ಅಂಗಡಿಯಲ್ಲಿ ನೋಡುವ ಸಂಗತಿಗಳು ಮಾತ್ರ ಬೇರೆ ಇರುತ್ತವೆ.

ಎಲ್ಲರೂ ಮೊದಲು ನೋಡುವುದು ವ್ಯಾಟ್. ನಮ್ಮದರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 2000 ಎಂದಿದೆ. ಮಷಿನನ್ನು ಬೋರಲು ಹಾಕಿ ತಳದ ಚೀಟಿ ಓದಿದರೆ 400. ಮೊದಲಿನ ಅಂಕಿ, ಮೋಟಾರು ಸಿಕ್ಕಿಬಿದ್ದು ತಿರುಗಲಾಗದೆ ನಿಂತ ಕ್ಷಣದಲ್ಲಿ ಎಳೆಯುವ ಕರೆಂಟಿನದು. ಆ ಕ್ಷಣ ಮಾಂಸ ಒಂದು ಎಳೆಯೂ ಹೊರಬರುವುದಿಲ್ಲ, ಸುರುಳಿ ಮಾತ್ರ ಕಾಯುತ್ತದೆ. ದಿನದ ಕೆಲಸಕ್ಕೆ ಲೆಕ್ಕ ಹಿಡಿಯಬೇಕಾದ್ದು ತಳದ ಅಂಕಿ. 350ರಿಂದ 500 ವ್ಯಾಟ್ ಇದ್ದರೆ ಮನೆಗೆ ಧಾರಾಳ ಸಾಕು. ಅದೇ ಚೀಟಿಯಲ್ಲಿ ಒಂದೇ ಸಮನೆ ಎಷ್ಟು ನಿಮಿಷ ಓಡಿಸಬಹುದು ಎಂಬುದೂ ಇರುತ್ತದೆ. ಐದು ನಿಮಿಷ ಎಂದಿದ್ದರೆ ಐದೇ ನಿಮಿಷ, ಆಮೇಲೆ ಕಾಲು ಗಂಟೆ ಬಿಡುವು ಕೊಡಬೇಕು. ನಾಲ್ಕು ಕಿಲೋ ಮಾಂಸ ತಣ್ಣಗಿದ್ದರೆ ಸುಮಾರು ಐದು ನಿಮಿಷದಲ್ಲಿ ಮುಗಿಯುವುದರಿಂದ ಈ ಮಿತಿ ತೊಡಕಾಗಿಲ್ಲ. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಓಡಿಸಬೇಡಿ, ಮೋಟಾರಿನ ಕಸುವು ಕುಗ್ಗಿ ಬೇಗ ಕಾಯುತ್ತದೆ. ವಿದೇಶದಿಂದ ಯಾರೋ ತಂದುಕೊಟ್ಟ 110 ವೋಲ್ಟಿನ ಮಷಿನನ್ನು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು.

ನಂಬರು ಎಂದರೆ ತಲೆಯ ಅಳತೆ. 5 ನಂಬರಿನ ಜಾಲಿ ಸುಮಾರು 54 ಮಿ.ಮೀ., 8ರದು 62, 12ರದು 70, 22ರದು 82. ಎರಡು ಕಿಲೋ ದಾಟದ ಮನೆಗೆ 8 ಸಾಕು. 12ರ ಜಾಲಿಗೆ ಅದಕ್ಕಿಂತ ಕಾಲುಭಾಗ ಹೆಚ್ಚು ಜಾಗವಿದೆ. ಬಾಯಿ ಅಗಲವಾದ್ದರಿಂದ ತುಂಡುಗಳು ಪುಶರ್‌ನಿಂದ ತುರುಕದೆ ತಾವೇ ಇಳಿಯುತ್ತವೆ. 22 ಹೋಟೆಲಿನವರಿಗೆ ಸರಿ, ಅಡುಗೆಮನೆಯ ಕಟ್ಟೆಯ ಮೇಲಿಂದ ಎತ್ತಿಡುವುದೇ ದೊಡ್ಡ ಕೆಲಸ. ಇಲ್ಲಿ ನಂಬರಿಗಿಂತ ಮುಖ್ಯವಾದದ್ದು, ಅಳತೆ ಈ ಪಟ್ಟಿಗೆ ಕೂಡುತ್ತದೆಯೇ ಎಂಬುದು. 66 ಮಿ.ಮೀ.ನಂಥ ಬೇರೆಲ್ಲೂ ಇಲ್ಲದ ಅಳತೆಯ ಜಾಲಿ ಹಾಕಿದ ಮಷಿನ್‌ಗಳೂ ಇವೆ. ಆ ಕಂಪನಿ ಮಾಡೆಲ್ ನಿಲ್ಲಿಸಿದ ದಿನ ನಿಮ್ಮ ಮಷಿನ್ ಮೂಲೆ ಸೇರಿತೆಂದೇ ಅರ್ಥ.

ಈಗ ಮುಖ್ಯ ಸಂಗತಿ. ಸಾಸೇಜು ಚೆನ್ನಾಗಿ ಬರುವುದು ಕೆಡುವುದು ನಿಂತಿರುವುದು ಬ್ಲೇಡ್ ಜಾಲಿಗೆ ಹೇಗೆ ಕೂತಿದೆ ಮತ್ತು ಮಾಂಸ ಎಷ್ಟು ತಣ್ಣಗಿದೆ ಎಂಬುದರ ಮೇಲೆ.

ಬ್ಲೇಡಿಗೆ ಎರಡು ಮುಖ. ಚಪ್ಪಟೆ ಮುಖ ಜಾಲಿಯ ಕಡೆ, ಇಳಿಜಾರಿನ ಮುಖ ಒಳಗೆ ತಿರುಪಿನ ಕಡೆ ಇರಬೇಕು. ತಿರುವುಮುರುವು ಹಾಕಿದರೂ ಮಷಿನ್ ಓಡುತ್ತದೆ, ಮಾಂಸವೂ ಹೊರಬರುತ್ತದೆ, ಆದರೆ ಕತ್ತರಿಸಿದ್ದಲ್ಲ, ಜಜ್ಜಿದ್ದು. ಸರಿಯಾಗಿ ಕೂತಾಗ ಜಾಲಿಯ ಒಂದೊಂದು ತೂತಿನಿಂದ ಶಾವಿಗೆಯ ಹಾಗೆ ಎಳೆ ಬೇರೆ ಬೇರೆಯಾಗಿ ಇಳಿಯುತ್ತದೆ, ಎಳೆಯಲ್ಲಿ ಕೆಂಪು ಬೇರೆ ಬಿಳಿ ಬೇರೆ ಕಾಣುತ್ತದೆ. ಎಳೆಗಳು ಒಂದಕ್ಕೊಂದು ಅಂಟಿ, ಬಣ್ಣ ಗುಲಾಬಿಗೆ ತಿರುಗಿ, ಜಾಲಿಯ ಮುಖಕ್ಕೆ ಬೆಣ್ಣೆ ಸವರಿದಂಥ ಜಿಡ್ಡು ಹತ್ತಿದರೆ ಆ ಕ್ಷಣವೇ ಬಂದ್ ಮಾಡಿ. ಚರಬಿ ಕರಗುತ್ತಿದೆ. ಹೀಗೆ ಕರಗಿದ ಚರಬಿ ಸಾಸೇಜಿನಲ್ಲಿ ನಿಲ್ಲುವುದಿಲ್ಲ. ಬಾಣಲೆಗೆ ಹಾಕಿದ ಕೂಡಲೆ ಹೊರಗೆ ಹರಿದು, ಒಳಗೆ ಒಣ ರವೆಯಂಥ ಮಾಂಸ ಉಳಿಯುತ್ತದೆ. ರುಬ್ಬುವುದರಲ್ಲಾದ ತಪ್ಪನ್ನು ಮಸಾಲೆ ಮುಚ್ಚುವುದಿಲ್ಲ.

ಎಳೆ ಕೆಟ್ಟರೆ ಜಾಲಿಯನ್ನು ಹಿಡಿದಿಡುವ ರಿಂಗ್ ನಟ್ ಬಿಚ್ಚಿ ನೋಡಿ. ನೂರಕ್ಕೆ ತೊಂಬತ್ತು ಸಲ ಬ್ಲೇಡಿನ ನಡುವಿಗೆ ಬಿಳಿ ನರ ಸುತ್ತಿಕೊಂಡಿರುತ್ತದೆ. ಅದು ಬ್ಲೇಡನ್ನು ಜಾಲಿಯಿಂದ ಕೂದಲೆಳೆಯಷ್ಟು ದೂರ ಎತ್ತಿದರೂ ಕತ್ತರಿಸುವ ಕೆಲಸ ನಿಂತುಹೋಗುತ್ತದೆ. ಅದಕ್ಕೇ ಹೆಚ್ಚುವಾಗಲೇ ಬೆಳ್ಳಿ ಬಣ್ಣದ ಪೊರೆ, ದಪ್ಪ ನರ ತೆಗೆದುಬಿಡಿ. ರಿಂಗ್ ನಟ್ ಕೈಯಿಂದ ಬಿಗಿಯಾದಷ್ಟೇ ಸಾಕು, ಸ್ಪ್ಯಾನರ್ ಬೇಡ. ಒಳಗೆ ಮಾಂಸವಿಲ್ಲದೆ ಓಡಿಸಬೇಡಿ. ಲೋಹಕ್ಕೆ ಲೋಹ ತಿಕ್ಕಿ ಧಾರೆ ಹೋಗುತ್ತದೆ, ಬೂದು ಬಣ್ಣದ ಪುಡಿ ಮಾಂಸಕ್ಕೆ ಸೇರುತ್ತದೆ.

ಬ್ಲೇಡ್ ಮತ್ತು ಜಾಲಿ ಜೋಡಿಯಾಗಿ ಸವೆಯುತ್ತವೆ. ಒಂದೇ ಬ್ಲೇಡನ್ನು ಮೂರು ಜಾಲಿಗೂ ಹಾಕುತ್ತಿದ್ದರೆ ಯಾವುದಕ್ಕೂ ಪೂರ್ತಿ ಕೂಡದು. ನಾವು 5 ಮತ್ತು 8 ಮಿ.ಮೀ. ಜಾಲಿಗೆ ಬೇರೆ ಬೇರೆ ಬ್ಲೇಡ್ ಇಟ್ಟು, ದಾರದಿಂದ ಜೋಡಿ ಕಟ್ಟಿಡುತ್ತೇವೆ. ಧಾರೆ ಹಿಡಿಯುವುದು ಮನೆಯಲ್ಲೇ ಆಗುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರಿನ ನೀರು ಎಮರಿ ಕಾಗದ ಹಾಸಿ, ಬ್ಲೇಡಿನ ಚಪ್ಪಟೆ ಮುಖಕ್ಕೆಲ್ಲ ಮಾರ್ಕರ್ ಬಳಿದು, ನೀರು ಹಾಕುತ್ತ 8ರ ಆಕಾರದಲ್ಲಿ ತಿಕ್ಕಿ. ನಾಲ್ಕೂ ಎಲೆಗಳ ಮೇಲಿನ ಮಸಿ ಪೂರ್ತಿ ಅಳಿದರೆ ಮುಖ ಸಮವಾಯಿತು. ನಂತರ 1000 ನಂಬರಿನ ಮೇಲೆ ಒಂದು ನಿಮಿಷ. ಜಾಲಿಗೂ ಹೀಗೇ. ಜಾಲಿಯಲ್ಲಿ ಗೆರೆ ಆಳವಾಗಿದ್ದರೆ ಕಾಗದದಿಂದ ಹೋಗುವುದಿಲ್ಲ. ಈ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು: ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಸರ್ಫೇಸ್ ಗ್ರೈಂಡರ್ ಇರುವ ವರ್ಕ್‌ಶಾಪಿಗೆ ಕೊಟ್ಟರೆ ಬ್ಲೇಡ್, ಜಾಲಿ ಎರಡನ್ನೂ ಕನ್ನಡಿಯಂತೆ ಸಮ ಮಾಡಿಕೊಡುತ್ತಾರೆ.

ಇನ್ನು ತಂಪು. ಮಾಂಸ, ಚರಬಿ ಎರಡನ್ನೂ ಒಂದು ಇಂಚಿನ ತುಂಡು ಮಾಡಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 45 ನಿಮಿಷ ಫ್ರೀಜರಿನಲ್ಲಿಡಿ. ಬೆರಳಿನಿಂದ ಒತ್ತಿದರೆ ಹೊರಗೆ ಬಿಗಿ, ಒಳಗೆ ಮೆತ್ತಗೆ ಇರಬೇಕು. ಕಲ್ಲಾಗುವಷ್ಟು ಬಿಟ್ಟರೆ ಕಪ್ಲಿಂಗ್ ಮುರಿಯುತ್ತದೆ. ತಲೆ, ತಿರುಪು, ಬ್ಲೇಡ್, ಜಾಲಿ ಸಹ ಫ್ರೀಜರಿನಲ್ಲೇ ಇರಲಿ. ರುಬ್ಬುವಾಗ ಮಾಂಸ 0ರಿಂದ 2 ಡಿಗ್ರಿ ಸೆಲ್ಸಿಯಸ್, ಮಸಾಲೆ ಕಲಸಿ ಮುಗಿದಾಗ 12 ಡಿಗ್ರಿ ಮೀರಬಾರದು. ಚುಚ್ಚುವ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬೆಳಗಾವಿಯ ಹವೆ ಹೇಗೋ ಸಹಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯವರು ನಸುಕಿನಲ್ಲೇ ಮುಗಿಸಬೇಕು, ಕಿಲೋ ಕಿಲೋ ಮಾತ್ರ ಫ್ರೀಜರಿನಿಂದ ತೆಗೆಯಬೇಕು.

ಕುರಿ ಸಾಸೇಜಿನ ಅಳತೆ ಒಂದು ಕಿಲೋಗೆ ಹೀಗೆ: ಭುಜದ ಮಾಂಸ 800 ಗ್ರಾಂ, ಚರಬಿ 200 ಗ್ರಾಂ, ಉಪ್ಪು 16 ಗ್ರಾಂ, ಬಳ್ಳೊಳ್ಳಿ 15 ಗ್ರಾಂ, ಬ್ಯಾಡಗಿ ಖಾರದ ಪುಡಿ 10 ಗ್ರಾಂ, ಕಾಳುಮೆಣಸು 4 ಗ್ರಾಂ, ಐಸ್ ನೀರು 70 ಮಿ.ಲೀ. ಹಂದಿಯಾದರೆ ಚರಬಿ 300 ಗ್ರಾಂವರೆಗೂ ಸರಿ. ಕುರಿ ಚರಬಿ ಬಾಯಿಯ ಬಿಸಿಗೆ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟುವುದರಿಂದ 200 ದಾಟಿಸಬೇಡಿ. ಮೂತ್ರಪಿಂಡದ ಸುತ್ತಲಿನ ಗಟ್ಟಿ ಚರಬಿ ಬೇಡ, ಬೆನ್ನು, ಎದೆಯ ಮೇಲಿನದನ್ನು ಕೇಳಿ ತನ್ನಿ. ಕೋಳಿಯಾದರೆ ತೊಗಲಿನ ಸಮೇತ ತೊಡೆ, 5 ಮಿ.ಮೀ. ಜಾಲಿಯಲ್ಲಿ ಒಂದೇ ಸಲ. ಕುರಿಯನ್ನು ಮೊದಲು 8ರಲ್ಲಿ, ಅರ್ಧ ಗಂಟೆ ತಂಪು ಮಾಡಿ 5ರಲ್ಲಿ. ಮಷಿನ್ ಜೊತೆ ಬಂದ 3 ಮಿ.ಮೀ. ಜಾಲಿ ನಮಗೆ ಕಬಾಬಿಗೆ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬಂದಿಲ್ಲ.

ರುಬ್ಬಿದ ಮೇಲೆ ಉಪ್ಪು, ನೀರು ಹಾಕಿ ಮೂರ್ನಾಲ್ಕು ನಿಮಿಷ ಗಟ್ಟಿಯಾಗಿ ನಾದಬೇಕು. ಒಂದು ಮುದ್ದೆಯನ್ನು ಅಂಗೈಗೆ ಒತ್ತಿ ಕೈ ಬೋರಲು ಮಾಡಿ. ಬೀಳದೆ ನಿಂತರೆ ಹದ ಬಂತು. ಬಿದ್ದರೆ ಇನ್ನೂ ನಾದಿ. ಸಾಸೇಜಿನ ಹೊರ ಹೊದಿಕೆಯಾಗುವ ಕರುಳಿಗೆ ತುಂಬುವ ಮೊದಲು ಚಿಕ್ಕ ಬಿಲ್ಲೆ ಹುರಿದು ರುಚಿ ನೋಡಿ, ಕರುಳಿಗೆ ಸೇರಿದ ಮೇಲೆ ತಿದ್ದಲು ಬರುವುದಿಲ್ಲ.

ಈ ಮಷಿನ್‌ನಲ್ಲಿ ನಮಗೆ ಒಪ್ಪಿಗೆಯಾಗದ್ದು ತುಂಬುವ ಕೆಲಸ. ಬ್ಲೇಡ್, ಜಾಲಿ ತೆಗೆದು, ನಕ್ಷತ್ರದಂಥ ಬಿಲ್ಲೆ ಹಾಕಿ, ನಳಿಕೆ ಜೋಡಿಸಬೇಕು. (ಬ್ಲೇಡ್ ತೆಗೆಯದೆ ತುಂಬಿದರೆ ಖೀಮಾ ಇನ್ನೊಮ್ಮೆ ಅರೆದು ಹಿಟ್ಟಾಗುತ್ತದೆ.) ಹಾಗೆ ಮಾಡಿದರೂ ತಿರುಪು ಖೀಮಾವನ್ನು ತಿಕ್ಕಿ ಬಿಸಿ ಮಾಡುತ್ತದೆ, ಗಾಳಿ ಸೇರಿಸುತ್ತದೆ. ಜೊತೆಗೆ ಬಂದ ನಳಿಕೆಗಳೂ ದಪ್ಪ. 22 ಮಿ.ಮೀ. ಕುರಿ ಕರುಳಿಗೆ ಹೊರ ವ್ಯಾಸ 12 ಮಿ.ಮೀ. ಇರುವ ನಳಿಕೆ ಬೇಕು. ಎರಡು ಕಿಲೋ ದಾಟಿದರೆ ಕೈಯಿಂದ ತಿರುಗಿಸುವ, ಮೂರು ಲೀಟರಿನ, ನಿಂತ ಸಿಲಿಂಡರಿನ ಸ್ಟಫರ್ ಪ್ರತ್ಯೇಕವಾಗಿ ಕೊಳ್ಳಿ. ಉಪ್ಪಿನಲ್ಲಿಟ್ಟ ಕರುಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಳಗೆ ನೀರು ಹಾಯಿಸಿ. ಕಿಲೋಗೆ ಎರಡೂವರೆ ಮೀಟರು ಹಿಡಿಯುತ್ತದೆ, ಮೂರು ತೆಗೆದಿಡಿ. ಗಾಳಿಗುಳ್ಳೆ ಕಂಡಲ್ಲಿ ಸೂಜಿಯಿಂದ ಚುಚ್ಚಿ. ಹಸಿ ಸಾಸೇಜು ಫ್ರಿಜ್ಜಿನಲ್ಲಿ ಎರಡು ದಿನ, ಮಿಕ್ಕಿದ್ದು ಫ್ರೀಜರಿಗೆ. ಬೇಯಿಸುವಾಗ ನಡುವಿನ ಬಿಸಿ ಕುರಿ, ಹಂದಿಗೆ 71 ಡಿಗ್ರಿ, ಕೋಳಿಗೆ 74.

ಚೋರ್ಲಾ ಘಾಟಿನಾಚೆಯ ಗೋವಾದ ಹಂದಿ ಸಾಸೇಜು ಚೊರೀಸ್ ಮಾಡಲೆಂದೇ ಮಷಿನ್ ಕೊಳ್ಳುವುದಾದರೆ ಕೊಳ್ಳಬೇಡಿ. ಅದರ ಹಂದಿ ಮಾಂಸವನ್ನು ಚಾಕುವಿನಿಂದಲೇ ಸಣ್ಣ ತುಂಡು ಮಾಡುವುದು ಪದ್ಧತಿ. ವಿನೆಗರಿನಲ್ಲಿ ನೆನೆದ ಆ ತುಂಡು ಹಲ್ಲಿಗೆ ಸಿಗಬೇಕು, ಖೀಮಾ ಹಾಕಿದರೆ ಅದು ಚೊರೀಸ್ ಆಗಿ ಉಳಿಯುವುದಿಲ್ಲ.

ಕೆಟ್ಟದ್ದರ ಲೆಕ್ಕ. ಮೋಟಾರಿಗೂ ತಿರುಪಿಗೂ ನಡುವಿನ ಪ್ಲಾಸ್ಟಿಕ್ ಕಪ್ಲಿಂಗ್ ಎರಡು ಸಲ ಮುರಿಯಿತು, ಒಮ್ಮೆ ಎಲುಬಿನ ಚೂರಿನಿಂದ, ಒಮ್ಮೆ ಕಲ್ಲಾದ ಮಾಂಸದಿಂದ. ಇದನ್ನು ದೋಷ ಎನ್ನಲಾರೆವು. ಮನೆಯ ಫ್ಯೂಸಿನ ಹಾಗೆ, ಗೇರು ಉಳಿಯಲೆಂದು ಅದು ಮೊದಲು ಮುರಿಯುತ್ತದೆ. ಬಿಡಿಭಾಗ ಸಿಗಲಿಲ್ಲವೆಂದು ಲೇಥಿನಲ್ಲಿ ಹಿತ್ತಾಳೆಯದು ಮಾಡಿಸಿ ಹಾಕುವವರಿದ್ದಾರೆ, ಹತ್ತು ನಿಮಿಷದ ಕೆಲಸ. ದಯವಿಟ್ಟು ಮಾಡಿಸಬೇಡಿ, ಮುಂದಿನ ಸಲ ಸಿಕ್ಕಿಬಿದ್ದಾಗ ಗೇರಿನ ಹಲ್ಲೇ ಹೋಗುತ್ತದೆ. ಮಷಿನ್ ಕೊಳ್ಳುವ ದಿನವೇ ಎರಡು ಕಪ್ಲಿಂಗ್ ಹೆಚ್ಚಿಗೆ ಕೊಳ್ಳಿ. ಸಿಕ್ಕಿಬಿದ್ದರೆ ಮೊದಲು ಬಂದ್ ಮಾಡಿ, ತಿರುಪು ಪೂರ್ತಿ ನಿಂತ ಮೇಲೆ ರಿವರ್ಸ್ ಎರಡು ಸೆಕೆಂಡು.

ತೊಳೆಯುವ ಮೊದಲು ಒಂದೆರಡು ಹಳೆಯ ಪಾವ್ ಹಾಕಿ ಓಡಿಸಿದರೆ ಒಳಗುಳಿದ ಮಾಂಸ ಹೊರಬರುತ್ತದೆ. ಅದನ್ನೇ ತೊಳೆದಂತೆ ಎಂದು ತಿಳಿಯಬೇಡಿ. ಎಲ್ಲ ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಕೈಯಿಂದಲೇ ತಿಕ್ಕಿ. ಅಲ್ಯೂಮಿನಿಯಂ ತಲೆಯನ್ನು ಡಿಶ್‌ವಾಷರಿಗೆ ಹಾಕಿದರೆ ಕಪ್ಪಾಗಿ, ಮುಟ್ಟಿದಲ್ಲೆಲ್ಲ ಮಸಿ ಹತ್ತುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಬಟ್ಟೆಯಿಂದ ಒರೆಸಿದರೆ ಸಾಲದು. ಮಾಮೂಲಿ ಉಕ್ಕಿನ ಜಾಲಿಯಾದರೆ ರಾತ್ರಿ ಕಳೆಯುವುದರೊಳಗೆ ತೂತುಗಳಲ್ಲಿ ತುಕ್ಕು. ಎಣ್ಣೆ ಸವರಬೇಕು, ಆದರೆ ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆ ಸವರಬೇಡಿ. ಅದು ಗಾಳಿಗೆ ಒಣಗಿ ಅಂಟಿನ ಪೊರೆಯಾಗುವ ಜಾತಿಯ ಎಣ್ಣೆ. ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್, ಬೇರೆ ಔಷಧ ಬೆರೆಸದ್ದು, ನಾಲ್ಕು ಹನಿ ಸಾಕು.

ಅಂಗಡಿಗೆ ಹೋದಾಗ ಸ್ವಿಚ್ ಹಾಕಿ ಸದ್ದು ಕೇಳುವುದಕ್ಕಿಂತ ರಿಂಗ್ ನಟ್ ಬಿಚ್ಚಿಸಿ. ಬ್ಲೇಡಿನ ಚಪ್ಪಟೆ ಮುಖವನ್ನು ಜಾಲಿಯ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಅಡ್ಡ ಹಿಡಿಯಿರಿ. ನಾಲ್ಕರಲ್ಲಿ ಒಂದು ಎಲೆಯ ಕೆಳಗೆ ಬೆಳಕಿನ ಗೆರೆ ಕಂಡರೂ ಇನ್ನೊಂದು ಡಬ್ಬಿ ತೆಗೆಸಿ.